ಮೇಲಣ ಆಸನವೂ ಕೆಳಗಣ ಆಸನವೂ

ಆಸನದ ಮಾತು ನಮ್ಮ ನಾಲಿಗೆಯಲ್ಲಿ ಎಷ್ಟಾಗಿ ಸೇರಿದೆ ಎಂಬದನ್ನು ವಿಚಾರಿಸಿರಿ. ಒಬ್ಬನನ್ನು ಮರ್ಯಾದೆಗೊಳಿಸುವದಕ್ಕೆ ಮಣೆ ಹಾಕುವದೆನ್ನುತ್ತೇವೆ. ಅಧಿಕಾರವನ್ನು ಬಿಡಲೊಲ್ಲದವನು ಖುರ್ಚಿಗೆ ಅಂಟಿಕೊಂಡನೆನ್ನುತ್ತೇವೆ. ಇಂಗ್ಲಿಷರು ಸಭಾಧ್ಯಕ್ಷನನ್ನು ಖುರ್ಚಿಯ ಮನುಷ್ಯನೆಂದೇ ಕರೆದರು. ಹಿಂದಣ ಆಸನ ಹಿಡಿಯುವದೆಂದರೆ ಅವರಲ್ಲಿ ಮುಂದಾಳುತನವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವದು. ನಮ್ಮ ಹಾವೇರಿ ಸೀಮೆಯಲ್ಲಿ ಗದ್ದುಗೆಯೆಂಬ ಒಂದೇ ಮಾತು ಅರಸನ ಸಿಂಹಾಸನಕ್ಕೂ ಮಠದ ಸ್ವಾಮಿಗಳ ಸಮಾಧಿಗೂ ಸಲ್ಲುತ್ತದೆ. ಗದ್ದುಗೆಯನ್ನು ಬಯಸುವವನು ಇದನ್ನು ಆಗಾಗ ನೆನಸುವದು ಒಳ್ಳೇದು.

ಕೊನೆಯ ಆಸನದಲ್ಲಿ ಕೂತುಕೋ ಎಂಬ ಕರ್ತನ ಸಾಮ್ಯವು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ಅದನ್ನು ನಾನು ಅನೇಕ ಹಳ್ಳಿಗಳಲ್ಲಿ ಪ್ರಸಂಗಿಸಿದ್ದೇನೆ. ತಪ್ಪಾಗಿ ಪ್ರಸಂಗಿಸಿದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸಂಗತಿ ಹೀಗೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ದಿನವೆಲ್ಲಾ ನೆಲದಲ್ಲಿ ಕೂತು ದುಡಿಯುವ ನಮ್ಮ ಸಭೆಯ ಒಬ್ಬ ತಾಯಿ ತನ್ನ ಊರಿನ ಪಂಚಾಯಿತಿಗೆ ಆರಿಸಲ್ಪಟ್ಟಳು. 2010ರ ತಿದ್ದುಪಡಿಯ ತರುವಾಯ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನಗಳು ಹೆಂಗಸರಿಗೆ ಮೀಸಲಾಗಿವೆಯಷ್ಟೆ. ಮೊದಲನೆಯ ಕೂಟದಲ್ಲಿ ಖುರ್ಚಿ ಖಾಲಿಯಿದ್ದರೂ ಆಕೆಯು ಬಾಗಿಲ ಬಳಿ ನೆಲಕ್ಕೆ ಕೂತಳು. ಮೇಲೆ ಬಾ ಎಂದು ಒಬ್ಬನಾದರೂ ಹೇಳಲಿಲ್ಲ. ಇದನ್ನು ಕೇಳಿ ನಾನು ಆದಿತ್ಯವಾರ ಆಕೆಯ ದೀನತೆಯನ್ನು ಸಭೆಯ ಮುಂದೆ ಹೊಗಳಿದೆನು. ಆರಾಧನೆ ಮುಗಿದ ಮೇಲೆ ಆಕೆಯು ಬಂದು, “ಅಯ್ಯನವರ, ಅದು ದೀನತೆ ಅಲ್ಲರೀ, ಅಂಜಿಕಿ. ಖುರ್ಚಿ ಮ್ಯಾಲೆ ಕುಂತ್ರ ಎಬ್ಬಸ್ತಾರೇನೋ ಅಂತ ಕೆಳಗ ಕುಂತೆ” ಅಂದಳು.

ಆ ರಾತ್ರಿ ಅಧ್ಯಾಯವನ್ನು ತಿರಿಗಿ ಓದಿದೆನು. ಕರ್ತನು ಈ ಸಾಮ್ಯವನ್ನು ಹೇಳಿದ್ದು ಮೊದಲನೆಯ ಆಸನಗಳನ್ನು ಆರಿಸಿಕೊಳ್ಳುತ್ತಿದ್ದವರಿಗೆ. ಏಳನೆಯ ವಚನವು ಸ್ಪಷ್ಟವಾಗಿದೆ. ಆಸನವೇ ದೊರೆಯದಿದ್ದವರಿಗೆ ಹೇಳಿದ್ದಲ್ಲ. ಮೇಲೆ ಕೂರಬಲ್ಲವನು ತಾನಾಗಿ ಕೆಳಗೆ ಕೂತರೆ ಅದು ದೀನತೆಯು. ಎಬ್ಬಿಸಲ್ಪಡುವೆನೆಂಬ ಭಯದಿಂದ ಕೂತವಳಿಗೆ ನಾನು ಆ ಹೆಸರನ್ನು ಕೊಟ್ಟು, ಆಕೆಯನ್ನು ಅಲ್ಲಿಯೇ ಕೂರಿಸಿದವರಿಗೆ ಸಹಾಯಮಾಡಿದೆನು. ಇದಲ್ಲದೆ ಸಾಮ್ಯದಲ್ಲಿ ಅತಿಥಿಯು ಮಾತ್ರವಲ್ಲ, ಔತಣಕ್ಕೆ ಕರೆದ ಯಜಮಾನನೂ ಇದ್ದಾನೆ. ಆತನು ತಾನೇ ಬಂದು ಮೇಲಕ್ಕೆ ಕರೆಯುತ್ತಾನೆ. ಆ ಭಾಗವನ್ನು ಪ್ರಸಂಗಿಸುವವರು ಕಡಿಮೆ. ಯಾಕೋಬನೂ ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಗದರಿಸುವದು ಕಾಲ್ಮಣೆಯ ಬಳಿ ಕೂತ ಬಡವನನ್ನಲ್ಲ, ಅವನಿಗೆ ಆ ಸ್ಥಳವನ್ನು ತೋರಿಸಿದ ಸಭೆಯನ್ನೇ.

ಖುರ್ಚಿ ದೊರೆತರೆ ಇವರಿಗೂ ಗರ್ವ ಬಾರದೋ ಎಂದು ರಾಣೇಬೆನ್ನೂರಿನ ಒಬ್ಬ ಹಿರಿಯರು ಕೇಳಿದರು. ಬಂದೀತು, ಬಂದಾಗ ಅದೇ ಸಾಮ್ಯವನ್ನು ಅವರಿಗೂ ಪ್ರಸಂಗಿಸುವೆನೆಂದೆನು.

ಮುಂದಿನ ಕೂಟದ ದಿನ ಸಭೆಯ ಇಬ್ಬರು ಆಕೆಯ ಸಂಗಡ ಬಾಗಿಲ ತನಕ ಹೋದರು. ಆಕೆಯು ಖುರ್ಚಿಯಲ್ಲಿ ಕೂತಳು; ಬೆನ್ನನ್ನು ಮಾತ್ರ ಒರಗಿಸಲಿಲ್ಲವಂತೆ.