ತಾಟೆಯೂ ಶಾರ್ಕೂ

ಅಕ್ಕನ ಬಾಣಂತನಕ್ಕೆಂದು ಅಮ್ಮ ಮಲ್ಪೆಯಿಂದ ತಾಟೆ ಮೀನು ತರಿಸುತ್ತಿದ್ದಳು. ಎದೆಹಾಲಿಗೆ ಒಳ್ಳೆಯದೆಂಬ ನಂಬಿಕೆ. ಬಾಣಂತಿಗೆ ಮಾಡಿದ ಸಾರಿನಲ್ಲಿ ನನಗೂ ಪಾಲಿರುತ್ತಿತ್ತು. ಅದೇ ದಿನಗಳಲ್ಲಿ ಗೆಳೆಯನ ಮನೆಯ ವಿಸಿಆರ್‌ನಲ್ಲಿ ‘ಜಾಸ್’ ನೋಡಿ ಬಂದವನು, ತಿಂಗಳುಗಟ್ಟಲೆ ಮೊಣಕಾಲಿಗಿಂತ ಆಳದ ನೀರಿಗಿಳಿಯಲಿಲ್ಲ. ಬಟ್ಟಲಲ್ಲಿದ್ದ ತಾಟೆಯೂ ಪರದೆಯ ಮೇಲಿನ ಶಾರ್ಕೂ ಒಂದೇ ಕುಲದವು ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಆ ಕುಲದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಅಂಗೈಗಿಂತ ತುಸು ಉದ್ದದ್ದಿದೆ, ಬಸ್ಸಿನಷ್ಟು ದೊಡ್ಡದಿದೆ. ಉತ್ತರದ ತಣ್ಣೀರಿನಲ್ಲಿ ಇನ್ನೂರು ವರ್ಷ ದಾಟಿ ಬದುಕುವ ಗ್ರೀನ್‌ಲ್ಯಾಂಡ್ ಶಾರ್ಕ್ ಇದೆ. ಮನುಷ್ಯನನ್ನು ಕಚ್ಚಿ ಕೊಂದ ದಾಖಲೆ ಇರುವುದು ಬೆರಳೆಣಿಕೆಯ ಜಾತಿಗಳ ಮೇಲೆ. ಶಾರ್ಕಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬುದೂ ಸುಳ್ಳೇ. ಆ ಸುಳ್ಳನ್ನು ನಂಬಿಸಿ ಅದರ ಮೃದ್ವಸ್ಥಿಯ ಪುಡಿಯನ್ನು ಮಾರಿದವರಿದ್ದಾರೆ. ‘ಜಾಸ್’ ಕಾದಂಬರಿ ಬರೆದ ಪೀಟರ್ ಬೆಂಚ್ಲಿಯೇ ಮುಂದೆ ಪಶ್ಚಾತ್ತಾಪಪಟ್ಟು, ಶಾರ್ಕುಗಳ ಪರವಾಗಿ ದುಡಿದ.

ಇದನ್ನೆಲ್ಲ ನಾನು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದೆ. ‘ಪಾಪದ ಪ್ರಾಣಿ ಮಾರಾಯ್ರೆ, ಏನೂ ಮಾಡೂದಿಲ್ಲ’ ಎಂದು. ಈಗೀಗ ಆ ಮಾತೇ ನನಗೆ ಕಸಿವಿಸಿ ತರುತ್ತದೆ. ಬದುಕಲು ಅದು ಪಾಪದ್ದೇ ಆಗಿರಬೇಕೆ?

ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. ಯಕೃತ್ತಿನ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂತು. ಆಮೇಲೆ ಮೊರಾರಿ ಬಾಪು ಅದನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿದರು. ಸಿಕ್ಕಿಬಿದ್ದದ್ದನ್ನು ಬಿಡಿಸಲು ಮೀನುಗಾರರು ತಮ್ಮದೇ ಬಲೆ ಕತ್ತರಿಸತೊಡಗಿದರು. ನನಗೆ ತುಂಬ ಇಷ್ಟವಾದ ಕಥೆ ಇದು. ಆದರೆ ಆ ಮಗಳು ತಿನ್ನುವುದು ಪುಟ್ಟ ಪುಟ್ಟ ಜೀವಿಗಳನ್ನು. ಹೊಳೆಗೂ ನುಗ್ಗಿ ಬರುವ, ನಿಜಕ್ಕೂ ಕಚ್ಚುವ ಬುಲ್ ಶಾರ್ಕನ್ನು ಯಾರು ಮಗಳೆಂದಾರು? ಅದು ಮಾಡಿದ್ದಿರಬಹುದಾದ ದಾಳಿಗಳ ಹೆಸರು ಗಂಗಾ ಶಾರ್ಕಿನ ತಲೆಗೆ ಕಟ್ಟಿಕೊಂಡಿತ್ತು. ಆ ಬಡಪಾಯಿ ಈಗ ಅಳಿವಿನಂಚಿನಲ್ಲಿದೆ. ‘ಅದಲ್ಲ, ಇದು’ ಎಂದು ತಿದ್ದಿದರೆ ಒಂದರ ಮೇಲಿನ ಆರೋಪ ಇನ್ನೊಂದರ ಮೇಲೆ ಬೀಳುತ್ತದೆ, ಅಷ್ಟೆ. ಹುಲಿಯ ವಿಷಯದಲ್ಲಿ ನಾವು ಹೀಗೆ ವಾದಿಸುವುದಿಲ್ಲ. ಅದು ಮನುಷ್ಯರನ್ನು ಕೊಲ್ಲುತ್ತದೆಂದು ಗೊತ್ತಿದ್ದೂ ಬಂಡೀಪುರವನ್ನು ಅದಕ್ಕೆ ಬಿಟ್ಟಿದ್ದೇವೆ.

ಮೊನ್ನೆ ಮಾರ್ಕೆಟ್ಟಿನಲ್ಲಿ ಬುಟ್ಟಿಯೊಂದರಲ್ಲಿ ಮೊಳದುದ್ದದ ತಾಟೆಗಳಿದ್ದವು. ‘ತಕೊಳ್ಳಿ ಅಣ್ಣ, ಮರಿ ತಾಟೆ, ಲಾಯ್ಕುಂಟು’ ಎಂದರು ಮಾರುವಾಕೆ. ಬೆಳೆದರೂ ಗಿಡ್ಡವಾಗಿಯೇ ಉಳಿಯುವ ಜಾತಿಗಳಿವೆ. ದೊಡ್ಡ ಜಾತಿಯ ಮರಿಗಳೂ ಅದೇ ಬುಟ್ಟಿಗೆ ಬರುತ್ತವೆ. ಹೆಚ್ಚಿನವನ್ನು ಬೇರೆಮಾಡಲು ನನಗೆ ಬರುವುದಿಲ್ಲ. ಒಂದರ ತಲೆ ಮಾತ್ರ ಸುತ್ತಿಗೆಯಂತೆ ಅಡ್ಡಕ್ಕೆ ಚಾಚಿತ್ತು, ಅದು ಗೊತ್ತಾಯಿತು. ಹತ್ತಾರು ವರ್ಷ ಬದುಕಿ, ನಿಧಾನಕ್ಕೆ ಮರಿಹಾಕುವ ಜಾತಿ ಅದು. ನಾನು ಬಂಗುಡೆ ಕಟ್ಟಿಸಿಕೊಂಡು ಬಂದೆ.

ಅಕ್ಕನ ಮಗಳಿಗೆ ಮುಂದಿನ ತಿಂಗಳು ಹೆರಿಗೆ. ತಾಟೆ ತರುವ ಕೆಲಸವನ್ನು ಅಕ್ಕ ನನಗೇ ಒಪ್ಪಿಸಿದ್ದಾಳೆ. ಇನ್ನೂ ಏನೂ ಹೇಳಿಲ್ಲ ನಾನು.