ಹಳೆಯ ಒಲೆಯ ಬಿರುಕು

ಶಿರೂರಿನ ಸೀಮೆ ಬಿಸಿಲಿನದು. ಕೆಲಸದ ಮನೆಯನ್ನು ಬೆಚ್ಚಗಿಡಲು ಅಲ್ಲಿ ಒಲೆ ಬೇಡ. ಆದರೆ ನೂಲಿಗೆ ಬಣ್ಣ ಹಾಕುವವನ ಹಂಡೆಗೆ ಬೆಂಕಿ ಬೇಕು. ಅಂಥವನೊಬ್ಬನು ಹಳೆಯ ಕಲ್ಲಿದ್ದಲ ಒಲೆಯೊಂದನ್ನು ಅಗ್ಗದಲ್ಲಿ ಕೊಳ್ಳುವನೆಂದಿಟ್ಟುಕೊಳ್ಳಬಹುದು. ಒಲೆಯ ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಮಾರುವವನು ಬಲ್ಲನು, ಕೊಳ್ಳುವವನು ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕೆ?

1872ರ ಕರಾರು ಕಾಯದೆಯ 17ನೆಯ ಕಲಮು ಕುದುರೆಯ ದೃಷ್ಟಾಂತವನ್ನು ಕೊಡುತ್ತದೆ. ಊನವುಳ್ಳ ಕುದುರೆಯನ್ನು ಲಿಲಾವಿನಲ್ಲಿ ಮಾರುವವನು ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾದರೆ, ಹೇಳುವುದು ಕರ್ತವ್ಯ. ಬಿರುಕಿಗೆ ಮಣ್ಣು ಮೆತ್ತಿ ಮಸಿ ಬಳಿಯುವುದಂತೂ ಯಾರಿಗಾದರೂ ವಂಚನೆಯೇ.

ವಾದವು ಕಾಯದೆಗಿಂತ ಬಹಳ ಹಳೆಯದು. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ, ದೋಷವುಳ್ಳ ಮನೆಯ ಮಾರಾಟವನ್ನು ಮುಂದಿಟ್ಟು ಇಬ್ಬರು ತತ್ತ್ವಜ್ಞರ ವಾದವನ್ನು ನಿರೂಪಿಸಿದನು. ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂಬುದು ಡಯೋಜೆನಿಸನ ಪಕ್ಷ. ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಇದು ಹೀನವೆಂದು ಆಂಟಿಪೇಟರನ ಪಕ್ಷ.

ಕುದುರೆ ಕುಂಟಿದರೆ ಹಣ ಹೋದೀತು. ಬಿರುಕಿನಿಂದ ಸೋರುವ ಇಂಗಾಲದ ಮಾನಾಕ್ಸೈಡಿಗಾದರೋ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತವನ್ನು ಸೇರಿ ಪ್ರಾಣವಾಯುವಿಗೆ ಎಡೆಗೊಡದು. ಮಳೆಗಾಲದಲ್ಲಿ ಕದವಿಕ್ಕಿ ದುಡಿಯುವವನಿಗೆ ತಲೆನೋವು ಬಂದರೂ ಒಲೆಯ ಮೇಲೆ ಸಂಶಯ ಹುಟ್ಟದು. ನೋಡಿ ಕೊಳ್ಳಬೇಕಿತ್ತೆಂಬ ಮಾತು ಕುದುರೆಗೆ ಸಂದೀತು, ಕಣ್ಣಿಗೆ ಬೀಳದ ವಿಷಕ್ಕೆ ಸಲ್ಲದು. ಅಲ್ಲಿ ಪರಕೀಯನೂ ಮಗಳ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಹೇಳಿದರೆ ನಷ್ಟವೆಷ್ಟು? ಬೆಲೆ ತುಸು ಇಳಿದೀತು. ಬಣ್ಣದವನು ಅದೇ ಒಲೆಯನ್ನು ಕೊಂಡು ಹಿತ್ತಲಿನ ಬಯಲಿನಲ್ಲಿ ಹೂಡಿಯಾನು.