ಯಾರು ಎಂದು ಕೇಳುವ ಮೊದಲು

ಸಣ್ಣ ಕಚೇರಿಯಲ್ಲಿ ನೆಟ್‌ವರ್ಕ್ ನಿಂತುಹೋದರೆ ಮೊದಲು ಕೇಳಿಬರುವ ಮಾತು, ‘ಯಾರ್ರೀ ಏನ್ ಮಾಡಿದ್ದು?’ ಟ್ಯಾಲಿ ತೆರೆಯುತ್ತಿಲ್ಲ, ಪ್ರಿಂಟರ್ ಸಿಗುತ್ತಿಲ್ಲ, ಹೊರಗೆ ಜನ ಕಾಯುತ್ತಿದ್ದಾರೆ. ಆ ಗಡಿಬಿಡಿಯಲ್ಲಿ ಒಬ್ಬರತ್ತ ಬೆರಳು ತೋರಿಸಿದರೆ ಸಿಟ್ಟು ಇಳಿಯುತ್ತದೆ, ಕೆಲಸ ಮಾತ್ರ ಇದ್ದಲ್ಲೇ ಇರುತ್ತದೆ.

ಅಂಥ ಒಂದು ಕಚೇರಿಯಲ್ಲಿ ಗೋಡೆಯ ನೆಟ್‌ವರ್ಕ್ ಸ್ವಿಚ್ಚಿನ ದೀಪಗಳೆಲ್ಲ ಬಿಡುವಿಲ್ಲದೆ ಒಟ್ಟಿಗೇ ಮಿನುಗುತ್ತಿದ್ದವು. ದುರಸ್ತಿಗೆ ಹೋಗಿದ್ದ ನಾನು ಒಂದೊಂದೇ ಕೇಬಲ್ ಬಿಚ್ಚುತ್ತ ಬಂದೆ. ಒಂದನ್ನು ತೆಗೆದೊಡನೆ ಆ ಆರ್ಭಟ ತಣ್ಣಗಾಯಿತು. ಅದರ ಜಾಡು ಹಿಡಿದು ಹೋದರೆ ಮೇಜಿನಡಿ ಇನ್ನೊಂದು ಪುಟ್ಟ ಸ್ವಿಚ್. ಅದರಿಂದ ಗೋಡೆಗೆ ಎರಡು ಕೇಬಲ್. ಗುಡಿಸುವವರು ನೆಲದ ಮೇಲೆ ಬಿದ್ದಿದ್ದ ಕೇಬಲ್ ತುದಿಯನ್ನು ಕಂಡು, ಕಳಚಿಕೊಂಡಿರಬೇಕು ಎಂದು ಒಳ್ಳೆಯ ಮನಸ್ಸಿನಿಂದಲೇ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದರು.

ದಾರಿ ಹೀಗೆ ಸುತ್ತುಗಟ್ಟಿದರೆ, ಎಲ್ಲ ಯಂತ್ರಗಳಿಗೂ ಹೊರಟ ಒಂದು ಸಂದೇಶ ತಿರುಗಿ ತಿರುಗಿ ಬರುತ್ತ ಇಡೀ ತಂತಿಯನ್ನೇ ತುಂಬಿಬಿಡುತ್ತದೆ. ಐಪಿ ಪ್ಯಾಕೆಟ್ಟಿಗೆ ಇಷ್ಟೇ ಹಾರಿಕೆ ಎಂಬ ಮಿತಿಯುಂಟು. ಸ್ವಿಚ್ಚುಗಳ ನಡುವೆ ಓಡಾಡುವ ಈಥರ್‌ನೆಟ್ ಫ್ರೇಮಿಗೆ ಅದಿಲ್ಲ. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೆ ಉತ್ತರವಾಗಿ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನ ರೂಪಿಸಿದರು. ಅದರಲ್ಲಿ ಜೋಡಣೆಯ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ವಿಚಾರಿಸಿಕೊಂಡು, ಸುತ್ತುವ ದಾರಿಯನ್ನು ತಾವೇ ಮುಚ್ಚುತ್ತವೆ. ಆ ತಂತಿ ಹಾಕಿದವರು ಯಾರೆಂದು ಕೇಳುವುದಿಲ್ಲ. ಆ ವಿನ್ಯಾಸದಲ್ಲಿ ನನಗೆ ದೊಡ್ಡದೊಂದು ಔದಾರ್ಯ ಕಾಣುತ್ತದೆ. ಆದರೆ ಸಣ್ಣ ಕಚೇರಿಗಳು ಕೊಳ್ಳುವ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅಲ್ಲಿ ಆ ಔದಾರ್ಯವನ್ನು ಮನುಷ್ಯರೇ ತೋರಬೇಕು.

ಅದೇ ಕಚೇರಿಯ ಮೂಲೆಯ ಮೇಜಿನವರ ಬಗ್ಗೆ, ‘ಅವರ ಕೆಲಸವೇ ನಿಧಾನ’ ಎಂಬ ಮಾತಿತ್ತು. ಎಲ್ಲ ಕೇಬಲ್ಲುಗಳನ್ನೂ ಪರೀಕ್ಷಿಸುವಾಗ ಅವರದರಲ್ಲಿ ಕಂದು ಬಣ್ಣದ ತಂತಿಯೊಂದು ತುಂಡಾಗಿದ್ದುದು ಕಂಡಿತು. ಗಿಗಾಬಿಟ್ ವೇಗಕ್ಕೆ ನಾಲ್ಕು ಜೋಡಿ ತಂತಿಗಳೂ ಬೇಕು. 100 ಮೆಗಾಬಿಟ್‌ಗೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ಹಾಗಾಗಿ ಸಂಪರ್ಕ ಕಡಿಯದೆ, ವೇಗ ಮಾತ್ರ ಸದ್ದಿಲ್ಲದೆ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಸ್ಕ್ಯಾನ್ ಮಾಡಿದ ದೊಡ್ಡ ಕಡತಗಳಿಗಾಗಿ ಅವರು ದಿನವೂ ಕಾಯುತ್ತಿದ್ದರು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದ ಮೇಲೆ ಆ ಕಾಯುವಿಕೆ ತಪ್ಪಿತು. ತಂತಿಯ ದೋಷ ಮನುಷ್ಯರ ಗುಣವೆಂದು ಎಷ್ಟು ಸುಲಭವಾಗಿ ದಾಖಲಾಗಿಬಿಡುತ್ತದೆ! ಏನಾಗಿದೆ ಎಂದು ಕೊನೆಯವರೆಗೂ ನೋಡುವ ತಾಳ್ಮೆ ಇದ್ದರೆ, ಯಾರು ಎಂಬ ಪ್ರಶ್ನೆ ಎಷ್ಟೋ ಸಲ ತಾನಾಗಿ ಬಿದ್ದುಹೋಗುತ್ತದೆ.

ನೆಟ್‌ವರ್ಕನ್ನು ಮತ್ತೆ ಕಟ್ಟುವಾಗ ಮೇಜಿನಡಿಯ ಸ್ವಿಚ್ ತೆಗೆದು, ಪ್ರತಿ ಮೇಜಿಗೂ ನೇರ ಕೇಬಲ್ ಎಳೆಸಿದೆವು. ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಯಾವುದು ಎಲ್ಲಿಗೆ ಎಂಬ ನಕ್ಷೆಯನ್ನು ರ‍್ಯಾಕಿನ ಬಾಗಿಲಿಗೆ ಹಚ್ಚಿದೆವು. ಚೀಟಿಯನ್ನೂ ನಕ್ಷೆಯನ್ನೂ ಬರೆದದ್ದು ಕನ್ನಡದಲ್ಲಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ತಂತಿಗಳ ನಡುವೆ ಕೆಲಸ ಮಾಡುವುದು ಗುಡಿಸುವವರೇ ತಾನೇ? ಅವರಿಗೆ ಓದಲು ಬರುವಂತೆ ಬರೆದಿಡದೆ, ಅವರು ತಪ್ಪು ಮಾಡಿದರೆಂದು ಹೇಳುವ ಹಕ್ಕು ನಮಗಿಲ್ಲ.